1969–70ರ ಮಸಲ್ ಕಾರುಗಳ (ದೊಡ್ಡ ಎಂಜಿನಿನ ಅಮೆರಿಕನ್ ಕಾರು) ವಿನೈಲ್ ಪಟ್ಟೆ ಕಿಟ್ ಆಗ ಹೇಗೆ ಮಾಡ್ತಿದ್ರು? ಕಾಂಟೆಸ್ಸಾಗೆ ಅದೇ ಕ್ರಮದಲ್ಲಿ ಮಾಡ್ಲಿಕ್ಕುಂಟು

ಉಡುಪಿ ಸ್ಕ್ರೀನ್:

ಎಲ್ರಿಗೂ ನಮಸ್ಕಾರ. ಗಿರಾಕಿಯೊಬ್ಬರ ಹಳೆ ಹಿಂದೂಸ್ತಾನ್ ಕಾಂಟೆಸ್ಸಾ ಟಿಂಕರಿಂಗ್ ಮುಗಿದು ಕಪ್ಪು ಟೂಕೆ ಪೇಂಟ್ (ಹಾರ್ಡನರ್ ಬೆರೆಸಿ ಹೊಡೆಯುವುದು) ಆಗಿ ನಿಂತಿದೆ. ಎರಡೂ ಬದಿಗೆ ಮೂರು ಬಣ್ಣದ ಉದ್ದ ಪಟ್ಟೆ ಬೇಕು. 1969ರ ಪಾಂಟಿಯಾಕ್ ಜಿಟಿಓ ಜಡ್ಜ್ ಕಾರಿನ ಪಟ್ಟೆಯ ಜಾತಿಯದ್ದು, ಆದ್ರೆ ಡಿಸೈನ್ ನಮ್ಮದೇ. ಬಸ್ಸಿಗೆ ಮಾಡುವ ಹಾಗೆ ಮೂರು ಬಣ್ಣದ ವಿನೈಲ್ ಕತ್ತರಿಸಿ ಒಂದರ ಮೇಲೊಂದು ಹಚ್ಚಿದ್ದು ಅವರಿಗೆ ಬೇಡ. ಆ ಕಾಲದಲ್ಲಿ ಕಂಪನಿಯಿಂದ ಬರ್ತಿದ್ದ ಕಿಟ್ ಹೇಗಿತ್ತೋ ಹಾಗೇ ಆಗ್ಬೇಕು.

ಪಟ್ಟೆ ಮುಂದಿನ ಫೆಂಡರಿನಿಂದ ಹಿಂದಿನ ಕ್ವಾರ್ಟರ್ ಪ್ಯಾನೆಲ್‌ವರೆಗೆ ಹೋಗ್ತದೆ. ಮುಂದೆ 18 ಸೆಂ.ಮೀ. ಅಗಲ, ಹಿಂದೆ ಹೋಗ್ತಾ 9ಕ್ಕೆ ಇಳಿಯುತ್ತದೆ. ಬಣ್ಣ ಹಳದಿ, ಕಿತ್ತಳೆ, ಕೆಂಪು. ನಮ್ಮಲ್ಲಿ ಇರುವುದು ಕೈಯಿಂದ ಎಳೆಯುವ ಸ್ಕ್ರೀನ್ ಪ್ರಿಂಟಿಂಗ್ ಟೇಬಲ್, 24 ಇಂಚಿನ ಕಟಿಂಗ್ ಪ್ಲಾಟರ್ (ಕಂಪ್ಯೂಟರ್ ಫೈಲಿನಂತೆ ವಿನೈಲ್ ಕತ್ತರಿಸುವ ಮಷೀನ್), ಬಸ್ಸಿನ ಕೆಲಸಕ್ಕೆ ತರಿಸಿದ ಮಾಮೂಲಿ 100 ಮೈಕ್ರಾನ್ ವಿನೈಲ್, ಒಂದು ಹೀಟ್ ಗನ್.

ಕೇಳ್ಲಿಕ್ಕಿರುವುದು ಇಷ್ಟು: ಆಗ ಯಾವ ಫಿಲ್ಮ್ ಬಳಸ್ತಿದ್ರು? ಬಣ್ಣ ಪ್ರಿಂಟಾ, ಬೇರೆ ಬೇರೆ ತುಂಡಾ? ಪ್ಲಾಟರ್ ಇಲ್ಲದ ಕಾಲದಲ್ಲಿ ಅಷ್ಟು ಉದ್ದದ ವಕ್ರ ಗೆರೆ ಅಷ್ಟು ನುಣ್ಣಗೆ ಹೇಗೆ ಕತ್ತರಿಸ್ತಿದ್ರು? ನಮ್ಮ ಊರಿನ ಹವೆಯಲ್ಲಿ ಇದು ಬಾಳ್ತದಾ?

ಬೈಕಂಪಾಡಿ ಡೈ:

ಒಳ್ಳೆ ಪ್ರಶ್ನೆ ಮಾರಾಯ್ರೆ. ಮೊದಲು ಒಂದು ವಿಷಯ ಸ್ಪಷ್ಟ ಆಗ್ಲಿ. ಆ ಕಾಲದ ಎಲ್ಲಾ ಪಟ್ಟೆಗಳೂ ವಿನೈಲ್ ಅಲ್ಲ. 1969ರ ಕಮಾರೋ ಝಡ್-28ರ ಬಾನೆಟ್ ಮತ್ತು ಡಿಕ್ಕಿಯ ಅಗಲ ಪಟ್ಟೆಗಳು, 1970ರ ಶೆವೆಲ್ ಎಸ್ಎಸ್‌ನವು, ಇವೆಲ್ಲ ಕಾರ್ಖಾನೆಯಲ್ಲಿ ಮಾಸ್ಕಿಂಗ್ ಮಾಡಿ ಹೊಡೆದ ಪೇಂಟ್. ವಿನೈಲಿನಲ್ಲಿ ಬಂದದ್ದು 1969ರ ಮಸ್ಟ್ಯಾಂಗ್ ಮ್ಯಾಕ್ 1ರ ಬದಿಯ ಪಟ್ಟೆ, ನೀವು ಹೇಳಿದ ಜಡ್ಜ್‌ನದ್ದು, 1970ರ ಎಎಆರ್ ಕುಡಾದ ಸ್ಟ್ರೋಬ್ ಪಟ್ಟೆ, 1971ರ ಕುಡಾದ ದೊಡ್ಡ ಬಿಲ್‌ಬೋರ್ಡ್, 1973ರಿಂದ ಟ್ರಾನ್ಸ್ ಆಮ್ ಬಾನೆಟ್ ಮೇಲೆ ಬಂದ ಹಕ್ಕಿ. ಕಾರಣ ಸರಳ. ಓಡುವ ಲೈನಿನಲ್ಲಿ ಎರಡನೇ ಬಣ್ಣ ಹೊಡೀಬೇಕಾದ್ರೆ ಕಾರನ್ನು ಬದಿಗೆ ತಂದು ಮಾಸ್ಕಿಂಗ್ ಮಾಡ್ಬೇಕು, ಮತ್ತೆ ಓವನ್‌ಗೆ ಹಾಕ್ಬೇಕು. ವಿನೈಲ್ ಕಿಟ್ ಆದ್ರೆ ಹೊರಗಿನ ಪ್ರಿಂಟರ್ ಮಾಡಿ ಕೊಡ್ತಾರೆ, ಲೈನಿನ ಕೊನೆಯಲ್ಲಿ ಹಚ್ಚಿದ್ರೆ ಮುಗೀತು.

ಈಗ ಕ್ರಮಕ್ಕೆ ಬರುವ. ಶುರು ಆಗುವುದು ನಿಜ ಗಾತ್ರದ ಡ್ರಾಯಿಂಗಿನಿಂದ. ಅದನ್ನು ಕಾಗದದ ಮೇಲೆ ಮಾಡ್ತಿರಲಿಲ್ಲ. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಂದು ಮೀಟರ್ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ಹೋದ್ರೆ ಬಾಗಿಲಿನ ಪಟ್ಟೆ ಫೆಂಡರಿನದ್ದಕ್ಕೆ ಕೂಡುವುದಿಲ್ಲ. ಹಾಗಾಗಿ ಪಾಲಿಯೆಸ್ಟರ್ ಹಾಳೆ. ಪ್ರತಿ ಬಣ್ಣಕ್ಕೂ ರೂಬಿಲಿತ್ ಎನ್ನುವ ಕೆಂಪು ಮಾಸ್ಕಿಂಗ್ ಫಿಲ್ಮನ್ನು ಚಾಕುವಿನಿಂದ ಕೈಯಲ್ಲೇ ಕತ್ತರಿಸಿ, ಬೇಡದ ಕೆಂಪನ್ನು ಸುಲಿದು ಪಾಸಿಟಿವ್ ಮಾಡ್ತಿದ್ರು. ಅದರಿಂದ ಸ್ಕ್ರೀನಿಗೆ ಎಕ್ಸ್‌ಪೋಸ್, ಅಂದ್ರೆ ಬೆಳಕು ಹಾಯಿಸಿ ಡಿಸೈನ್ ಇಳಿಸುವುದು.

ಬಣ್ಣಗಳು ಪ್ರಿಂಟೇ. ಮೂರು ಬಣ್ಣದ ಪಟ್ಟೆ ಅಂದ್ರೆ ಒಂದೇ ಫಿಲ್ಮ್, ಅದರ ಮೇಲೆ ಮೂರು ಸಲ ಸ್ಕ್ರೀನ್. ಬರೀ ಕಪ್ಪು ಅಥವಾ ಬರೀ ಬಿಳಿ ಪಟ್ಟೆಯಾದ್ರೆ ಪ್ರಿಂಟ್ ಬೇಕೇ ಇಲ್ಲ, ಫಿಲ್ಮಿನ ಬಣ್ಣವೇ ಸಾಕು, ಕತ್ತರಿಸಿದ್ರೆ ಆಯ್ತು. ನಿಮ್ಮ ಗಿರಾಕಿ ಬೇಡ ಅಂದದ್ದು ಸರಿ. ಒಂದರ ಮೇಲೊಂದು ಹಚ್ಚಿದಲ್ಲಿ ಮೆಟ್ಟಿಲು ಬರ್ತದೆ, ಆ ಮೆಟ್ಟಿಲಿನ ಬುಡದಲ್ಲಿ ಗಾಳಿಯ ಸಣ್ಣ ಸುರಂಗ ಉಳಿದು ನೀರು ಒಳಗೆ ಹೋಗ್ತದೆ. ಪ್ರಿಂಟಿನಲ್ಲಿ ಬಣ್ಣ ಬದಲಾಗುವ ಜಾಗಕ್ಕೆ ಬೆರಳು ತಾಗಿಸಿದ್ರೆ ಇಂಕಿನ ದಪ್ಪ ಮಾತ್ರ ಗೊತ್ತಾಗ್ತದೆ.

ಕತ್ತರಿಸುವುದೇ ನನ್ನ ವಿಷಯ, ಸ್ವಲ್ಪ ಉದ್ದ ಬರೀತೇನೆ. ಬಾಕ್ಸ್ ಮತ್ತು ಕಾರ್ಟನ್ ಮಾಡುವವರು ಇಂದಿಗೂ ಬಳಸುವ ಪಂಚಿಂಗ್ ಡೈ ಉಂಟಲ್ಲ, ಅದೇ. 18 ಮಿ.ಮೀ. ಒಳ್ಳೆ ಪ್ಲೈವುಡ್ ಮೇಲೆ ಡಿಸೈನ್ ಇಳಿಸಿ, ಜಿಗ್ ಸಾ ಹಾಕಿ ಗೆರೆಯುದ್ದಕ್ಕೂ ಸೀಳು ಮಾಡ್ತಾರೆ. ಪೂರ್ತಿ ಸೀಳಿದ್ರೆ ಮರವೇ ಎರಡು ತುಂಡು. ಅದಕ್ಕೆ ನಡುನಡುವೆ ಸೇತುವೆ ಬಿಡ್ಬೇಕು, ಆ ಜಾಗದಲ್ಲಿ ಬ್ಲೇಡಿಗೆ ಕೆಳಗಿನಿಂದ ನಾಚ್ ಹೊಡೀಬೇಕು. ಸೀಳಿಗೆ ಕೂರುವುದು 2 ಪಾಯಿಂಟ್ ಸ್ಟೀಲ್ ರೂಲ್, ಅಂದ್ರೆ ಸುಮಾರು 0.71 ಮಿ.ಮೀ. ದಪ್ಪ, 23.8 ಮಿ.ಮೀ. ಎತ್ತರ. ಬೆಂಡರ್‌ನಲ್ಲಿ ಬಗ್ಗಿಸಿ ಕೂರಿಸಿ, ಎರಡೂ ಬದಿಗೆ ರಬ್ಬರ್ ಅಂಟಿಸಿದ್ರೆ ಒತ್ತಿದ ನಂತರ ಹಾಳೆಯನ್ನು ಅದು ಹೊರಗೆ ತಳ್ಳುತ್ತದೆ.

ಉದ್ದದ ವಕ್ರ ಗೆರೆ ನುಣ್ಣಗೆ ಬರುವ ಗುಟ್ಟು ಇಲ್ಲೇ ಇರುವುದು. ಸ್ಟೀಲ್ ಪಟ್ಟಿ ತಾನಾಗಿ ಬಾಗುವಾಗ ಮುರುಕು ಇಲ್ಲದ ವಕ್ರವನ್ನೇ ಕೊಡ್ತದೆ. ಮೊನಚು ಮೂಲೆಗೆ ಮಾತ್ರ ಒಂದೇ ಪಟ್ಟಿ ಬಗ್ಗುವುದಿಲ್ಲ, ಎರಡು ಪಟ್ಟಿಯ ತುದಿಯನ್ನು ಇಳಿಜಾರಾಗಿ ಅರೆದು ಕೂಡಿಸ್ಬೇಕು. ಹಳೆ ಕಿಟ್‌ಗಳಲ್ಲಿ ಒಳಮೂಲೆಗಳು ಸ್ವಲ್ಪ ದುಂಡಗಿರುವುದು ಇದೇ ಕಾರಣಕ್ಕೆ. ನಿಮ್ಮ ಡಿಸೈನಿನಲ್ಲೂ ಒಳಮೂಲೆಗೆ 1.5ರಿಂದ 2 ಮಿ.ಮೀ. ರೇಡಿಯಸ್ ಕೊಡಿ. ಆ ಕಾಲದ ನೋಟಕ್ಕೆ ಇದೊಂದೇ ಅರ್ಧ ಕೆಲಸ ಮಾಡ್ತದೆ. ಮೂಲೆ ಏಳುವುದೂ ಕಡಿಮೆ.

ಒತ್ತುವುದು ಹಾಫ್ ಕಟ್. ಫಿಲ್ಮ್ 50 ಮೈಕ್ರಾನ್, ಅಂಟು 25ರ ಆಸುಪಾಸು, ಒಟ್ಟು 75. ಬ್ಲೇಡ್ ಇಷ್ಟನ್ನು ದಾಟಿ ಹಿಂಬದಿ ಪೇಪರಿನ ಮೇಲೆ ಗೀರು ಮಾತ್ರ ಮಾಡ್ಬೇಕು. ಪೇಪರ್ ತುಂಡಾದ್ರೆ ಕಾರಿನ ಹತ್ತಿರ ಸುಲಿಯುವಾಗ ಪೇಪರ್ ಅಲ್ಲೇ ಹರಿದು ಪಟ್ಟೆಗೆ ಅಂಟಿ ಉಳಿಯುತ್ತದೆ. ಕಡಿಮೆ ಒತ್ತಿದ್ರೆ ಬೇಡದ ಭಾಗ ಕೀಳುವಾಗ ಬೇಕಾದದ್ದೂ ಎದ್ದು ಬರ್ತದೆ. ಒಂದು ಮೀಟರ್ ಡೈಯಲ್ಲಿ ಎಲ್ಲಾ ಕಡೆ ಒಂದೇ ಒತ್ತಡ ತಾನಾಗಿ ಬರುವುದಿಲ್ಲ. ಮೊದಲ ಹಾಳೆ ನೋಡಿ, ಕಡಿಮೆ ಬಿದ್ದಲ್ಲಿ ಡೈಯ ಬೆನ್ನಿಗೆ ತೆಳು ಟಿಶ್ಯೂ ಪೇಪರ್ ಪಟ್ಟಿ ಅಂಟಿಸ್ತಾ ಹೋಗ್ಬೇಕು. ಮೇಕ್ ರೆಡಿಗೆ (ಈ ಹೊಂದಾಣಿಕೆಗೆ) ಅರ್ಧ ದಿನ ಹೋದ್ರೆ ಆಶ್ಚರ್ಯ ಇಲ್ಲ, ಅಲ್ಲಿ ಅವಸರ ಮಾಡಿದವರ ಹಾಳೆಗಳೆಲ್ಲ ರದ್ದಿಗೆ.

ಆಮೇಲೆ ಬೇಡದ ಫಿಲ್ಮ್ ಕಿತ್ತು, ಮೇಲಿನಿಂದ ಕಾಗದದ ಅಪ್ಲಿಕೇಶನ್ ಟೇಪ್ (ತುಂಡನ್ನು ಹಿಡಿದು ಕಾರಿಗೆ ದಾಟಿಸ್ಲಿಕ್ಕೆ, ಆಮೇಲೆ ಕೀಳುವುದು) ರೋಲರ್‌ನಲ್ಲಿ ಹಾಯಿಸಿ, ಒಂದೊಂದು ಪ್ಯಾನೆಲ್ಲಿನ ತುಂಡಿಗೆ ನಂಬರ್ ಹಾಕಿ, ಹಚ್ಚುವ ಕ್ರಮದ ಚೀಟಿ ಇಟ್ಟು ಪ್ಯಾಕ್. ಕಿಟ್ ಅಂದ್ರೆ ಇದು.

ಪಡುಬಿದ್ರಿ ವಿನೈಲ್:

ಡೈ ಬಗ್ಗೆ ಅಣ್ಣ ಹೇಳಿದ್ದೆಲ್ಲ ಒಪ್ಪಿದೆ. ಆದ್ರೆ ಒಂದೇ ಕಾರಿಗೆ ಎಂಟು ಡೈ ಮಾಡಿಸುವುದು ಬೇಡ. ಡೈಯ ಖರ್ಚು ಸಾವಿರ ಕಿಟ್ ಮೇಲೆ ಹಂಚಿ ಹೋದ್ರೆ ಮಾತ್ರ ಸರಿ. ವಿನೈಲ್ ಕತ್ತರಿಸುವ ಕಂಪ್ಯೂಟರ್ ಮಷೀನ್ ಸೈನ್ ಅಂಗಡಿಗಳಿಗೆ ಬಂದದ್ದೇ 1980ರ ದಶಕದಲ್ಲಿ. ಅವರಿಗೆ ಬೇರೆ ದಾರಿ ಇರಲಿಲ್ಲ, ನಿಮಗೆ ಉಂಟು. ಸ್ಕ್ರೀನ್ ಪ್ರಿಂಟ್ ಮಾಡಿ, ಪ್ರಿಂಟಿನ ಜೊತೆಗೇ ನಾಲ್ಕು ಮೂಲೆಗೆ ರಿಜಿಸ್ಟ್ರೇಶನ್ ಮಾರ್ಕ್ (ಜಾಗ ಹೊಂದಿಸುವ ಗುರುತು) ಹಾಕಿ ಪ್ಲಾಟರಿನಲ್ಲಿ ಕತ್ತರಿಸಿ. ಪ್ಲಾಟರ್ ಮಾರ್ಕ್ ಓದುವ ಕಣ್ಣು ಇರುವಂಥದ್ದಾಗಿರ್ಬೇಕು ಅಷ್ಟೇ. ವೆಕ್ಟರ್ ಫೈಲಿನಲ್ಲಿ ಉದ್ದ ವಕ್ರಕ್ಕೆ ಎಷ್ಟು ಕಡಿಮೆ ಪಾಯಿಂಟ್ ಸಾಧ್ಯವೋ ಅಷ್ಟೇ ಇಡಿ. ಫೋಟೋದಿಂದ ಟ್ರೇಸ್ ಮಾಡಿದ ಫೈಲಿನಲ್ಲಿ ನೂರಾರು ಪಾಯಿಂಟ್ ಇರ್ತದೆ, ಬಿಸಿಲು ಓರೆಯಾಗಿ ಬಿದ್ದಾಗ ಅಂಚು ನಡುಗಿದ ಹಾಗೆ ಕಾಣ್ತದೆ. ಡೈ ನೋಟ ಬೇಕಾದ್ರೆ ಇದೇ ಮುಖ್ಯ.

ಈಗ ಫಿಲ್ಮ್. ನೀವು ಬಸ್ಸಿಗೆ ಬಳಸುವ 100 ಮೈಕ್ರಾನ್ ವಿನೈಲ್ ಈ ಕೆಲಸಕ್ಕೆ ಮುಟ್ಟಬೇಡಿ. ಅದು ಕ್ಯಾಲೆಂಡರ್ಡ್, ಬಹುಶಃ ಮೊನೊಮೆರಿಕ್, ಅಂದ್ರೆ ಅದರಲ್ಲೂ ಅಗ್ಗದ ಜಾತಿ. ಅಂದಿನ ಕಿಟ್‌ಗಳಿಗೆ ಬಳಕೆಯಾದದ್ದು ಕಾಸ್ಟ್ ಫಿಲ್ಮ್, 3ಎಂ ಕಂಪನಿಯ ಸ್ಕಾಚ್‌ಕ್ಯಾಲ್ ಇದರಲ್ಲಿ ದೊಡ್ಡ ಹೆಸರು. ಕ್ಯಾಲೆಂಡರ್ಡ್ ಅಂದ್ರೆ ಬಿಸಿ ಪಿವಿಸಿ ಮುದ್ದೆಯನ್ನು ಉಕ್ಕಿನ ರೋಲರ್‌ಗಳ ನಡುವೆ ಚಪಾತಿ ಹಾಗೆ ಲಟ್ಟಿಸಿದ್ದು. ಕಾಸ್ಟ್ ಅಂದ್ರೆ ದ್ರವವಾಗಿರುವ ಪಿವಿಸಿಯನ್ನು ಕಾಸ್ಟಿಂಗ್ ಪೇಪರ್ ಮೇಲೆ ನೀರುದೋಸೆ ಹಾಗೆ ಹುಯ್ದು ಓವನ್‌ನಲ್ಲಿ ಬೇಯಿಸಿದ್ದು. ಎಳೆದು ಮಾಡಿದ್ದಕ್ಕೆ ಒಳಗೆ ಎಳೆತ ಉಳಿದಿರ್ತದೆ, ಬಿಸಿಲು ತಾಗಿದ ಹಾಗೆ ತನ್ನ ಮೊದಲಿನ ಗಾತ್ರಕ್ಕೆ ಹೋಗ್ಲಿಕ್ಕೆ ನೋಡ್ತದೆ. ಹುಯ್ದದ್ದಕ್ಕೆ ಆ ಎಳೆತ ಇಲ್ಲ.

ಪರಿಣಾಮ ನಮ್ಮ ಬಸ್ಸುಗಳಲ್ಲೇ ನೋಡ್ಬಹುದು. ಎರಡು ಮಳೆಗಾಲ ಕಳೆದ ಸ್ಟಿಕ್ಕರಿನ ಸುತ್ತ ಅರ್ಧ-ಒಂದು ಮಿಲಿಮೀಟರ್ ಕಪ್ಪು ಗೆರೆ. ಫಿಲ್ಮ್ ಒಳಗೆ ಸರಿದಿದೆ, ಅಂಟು ಅಲ್ಲೇ ಉಳಿದು ಧೂಳು ಹಿಡಿದಿದೆ. ಬಸ್ಸಿನ ಸ್ಟಿಕ್ಕರ್ ಹೇಗೂ ಬೇಗ ಬದಲಾಗ್ತದೆ, ಅಲ್ಲಿ ಅದು ನಡೀತದೆ. ಕಾಂಟೆಸ್ಸಾದ ಬಾಗಿಲಿನ ಸಂದಿಯಲ್ಲಿ ಅಷ್ಟು ಸರಿದ್ರೆ ಎರಡು ತುಂಡಿನ ನಡುವೆ ಗೆರೆ ತಪ್ಪಿದ್ದು ದೂರದಿಂದಲೇ ಕಾಣ್ತದೆ.

ಹಾಗಾಗಿ 50 ಮೈಕ್ರಾನ್ ಬಿಳಿ ಕಾಸ್ಟ್ ಫಿಲ್ಮ್, ಖಾಯಂ ಅಕ್ರಿಲಿಕ್ ಅಂಟು, ಸ್ಕ್ರೀನ್ ಪ್ರಿಂಟಿಗೆ ಆಗುವಂಥದ್ದು ಅಂತ ಡೇಟಾ ಶೀಟಿನಲ್ಲಿ ಇರುವುದೇ ಬೇಕು. ಗಾಳಿ ಹೊರಹೋಗುವ ಗೀರುಗಳಿರುವ ಅಂಟು ಈಗ ಎಲ್ಲಾ ಕಡೆ ಸಿಗ್ತದೆ. ಅದನ್ನು ಒದ್ದೆ ಮಾಡಿ ಹಚ್ಚಿದ್ರೆ ಆ ಗೀರಿನಲ್ಲಿ ನೀರು ನಿಲ್ತದೆ. ಒದ್ದೆ ಕ್ರಮಕ್ಕೆ ಹೋಗುವುದಾದ್ರೆ ಸಾದಾ ಅಂಟಿನದ್ದೇ ತರಿಸಿ.

ಅಳತೆ ಲೆಕ್ಕ: ಒಂದು ಬದಿಗೆ ಫೆಂಡರ್, ಎರಡು ಬಾಗಿಲು, ಕ್ವಾರ್ಟರ್ ಸೇರಿ ನಾಲ್ಕು ತುಂಡು, ಎರಡೂ ಬದಿಗೆ ಎಂಟು. ಉದ್ದದ ತುಂಡು ಹೆಚ್ಚು ಅಂದ್ರೆ 110 ಸೆಂ.ಮೀ. ಒಂದು ಸೆಟ್ಟಿಗೆ 2 ಚದರ ಮೀಟರ್ ಒಳಗೆ ಮುಗೀತದೆ. ಮೂರು ಸೆಟ್ ಪ್ರಿಂಟ್ ಮಾಡಿ: ಒಂದು ಹಚ್ಚಲಿಕ್ಕೆ, ಒಂದು ಹಾಳಾದ್ರೆ ಅಂತ, ಒಂದು ಮುಂದೆ ಬಾಗಿಲು ತರಚಿದ್ರೆ ಬದಲಿಗೆ. ಐದಾರು ವರ್ಷ ಆದ ಮೇಲೆ ಅದೇ ಬಣ್ಣ ಮತ್ತೆ ಬೆರೆಸುವುದು ಬಹಳ ಕಷ್ಟ.

ಮಣಿಪಾಲ ಇಂಕ್:

ಪ್ರಿಂಟಿನ ಬಗ್ಗೆ ಯಾರೂ ಬಿಡಿಸಿ ಹೇಳ್ಲಿಲ್ಲ, ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಫ್ರೇಮ್: 110 ಸೆಂ.ಮೀ. ಚಿತ್ರಕ್ಕೆ ಸುತ್ತ 15 ಸೆಂ.ಮೀ. ಜಾಗ ಬೇಕು. ಒಳ ಅಳತೆ 140 ಆದ್ರೂ ಇರ್ಲಿ. ಅಲ್ಯೂಮಿನಿಯಂ ಪೈಪಿನದ್ದೇ ಮಾಡಿಸಿ. ಮರದ ಫ್ರೇಮ್ ಜೂನ್ ಬಂದ ಕೂಡ್ಲೇ ತಿರುಚಿಕೊಳ್ತದೆ, ಮೂರು ಬಣ್ಣ ಒಂದಕ್ಕೊಂದು ಕೂಡುವುದಿಲ್ಲ. ಮೆಶ್ ಸೆಂಟಿಮೀಟರಿಗೆ 77ರಿಂದ 90 ದಾರದ ಪಾಲಿಯೆಸ್ಟರ್. ಆಮಂತ್ರಣ ಪತ್ರಿಕೆಗೆ ಹಾಕುವ 120ರ ಮೆಶ್ಶಿನಲ್ಲಿ ಇಂಕ್ ತೀರಾ ತೆಳುವಾಗಿ ಬೀಳ್ತದೆ, ಹಳದಿ ಬಿಸಿಲಿಗೆ ಬೇಗ ಸೋಲ್ತದೆ.

ಸ್ಟೆನ್ಸಿಲ್ (ಇಂಕ್ ಬೇಡದ ಕಡೆ ಮೆಶ್ ಮುಚ್ಚುವ ಪದರ): ವಿನೈಲ್ ಇಂಕಿನಲ್ಲಿ ಸೈಕ್ಲೊಹೆಕ್ಸನೋನ್ ಥರದ ಕೀಟೋನ್ ಸಾಲ್ವೆಂಟ್ ಇರ್ತದೆ. ಅದು ಫಿಲ್ಮಿನ ಮೇಲ್ಪದರವನ್ನು ಸ್ವಲ್ಪ ಕರಗಿಸಿ ಕಚ್ಚಿಕೊಳ್ಳುವುದರಿಂದಲೇ ಇಂಕ್ ಕಿತ್ತು ಬರುವುದಿಲ್ಲ. ಆದ್ರೆ ಅದೇ ಸಾಲ್ವೆಂಟ್ ಲ್ಯಾಕರ್ ಜಾತಿಯ ಹಳೆ ಸ್ಟೆನ್ಸಿಲನ್ನೂ ಕರಗಿಸ್ತದೆ. ಅದಕ್ಕಾಗಿ ಅಂದಿನವರು ವಿನೈಲ್ ಕೆಲಸಕ್ಕೆ ನೀರಿನಿಂದ ಅಂಟುವ ಕೈಕಟ್ ಫಿಲ್ಮ್ ಅಥವಾ ಫೋಟೋ ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ಲೇಪ) ಬಳಸ್ತಿದ್ರು. ನೀವು ಸಾಲ್ವೆಂಟ್ ತಡೆಯುವ ಎಮಲ್ಷನ್ ಕೇಳಿ ತರಿಸಿ. ನೀರಿನ ಇಂಕಿಗೆ ಮಾಡಿದ್ದು ಆಗುವುದಿಲ್ಲ. ಮಳೆಗಾಲದಲ್ಲಿ ಎಮಲ್ಷನ್ ಪೂರ್ತಿ ಒಣಗದೆ ಎಕ್ಸ್‌ಪೋಸ್ ಮಾಡಿದ್ರೆ ಸೂಜಿತೂತು ಬೀಳ್ತದೆ, ಅಂಚು ಕರಗ್ತದೆ. ಮುಚ್ಚಿದ ಕಪಾಟಿನಲ್ಲಿ ಹೀಟರ್ ಇಟ್ಟು 35–40 ಡಿಗ್ರಿಯಲ್ಲಿ ಒಣಗಿಸಿ.

ಕ್ರಮ: ಮೊದಲು ಹಳದಿ, ನಂತರ ಕಿತ್ತಳೆ, ಕೊನೆಗೆ ಕೆಂಪು. ಒಂದು ಬಣ್ಣ ಮುಂದಿನದ್ದರ ಅಡಿಗೆ ಅರ್ಧ ಮಿ.ಮೀ. ಹೋಗ್ಬೇಕು. ಈ ಹೊದಿಕೆ ಇಲ್ಲದಿದ್ರೆ ಎರಡರ ನಡುವೆ ಬಿಳಿ ಗೆರೆ ಇಣುಕುತ್ತದೆ. ಹಾಗೆಯೇ ಹೊರಗಿನ ಅಂಚಿನಲ್ಲಿ ಬಣ್ಣ ಕಟಿಂಗ್ ಗೆರೆಯನ್ನು 2 ಮಿ.ಮೀ. ದಾಟಿರ್ಬೇಕು. ನಿಮ್ಮ ಕಾರು ಕಪ್ಪು, ಫಿಲ್ಮ್ ಬಿಳಿ. ಪ್ರಿಂಟ್ ಗೆರೆಗೇ ನಿಂತಿದ್ರೆ ಪ್ಲಾಟರ್ ಕೂದಲೆಳೆ ಸರಿದ್ರೂ ಕಪ್ಪಿನ ಮೇಲೆ ಬಿಳಿ ಅಂಚು ಹೊಳೀತದೆ. ಕಪ್ಪು ಫಿಲ್ಮ್ ತಗೊಂಡು ಅದರ ಮೇಲೆ ಹಳದಿ ಪ್ರಿಂಟ್ ಮಾಡುವ ಯೋಚನೆ ಬೇಡ, ಅಡಿಗೆ ಬಿಳಿ ಹಾಕದೆ ಹಳದಿ ಕೊಳಕು ಹಸಿರಾಗಿ ಕಾಣ್ತದೆ.

ಮೆಶ್ ಮತ್ತು ಹಾಳೆಯ ನಡುವೆ 4–5 ಮಿ.ಮೀ. ಅಂತರ, 70 ಶೋರ್ (ರಬ್ಬರಿನ ಗಟ್ಟಿತನದ ಅಳತೆ) ಗಟ್ಟಿತನದ ಸ್ಕ್ವೀಜಿ, ಅಂದ್ರೆ ಇಂಕ್ ಎಳೆಯುವ ರಬ್ಬರ್ ಪಟ್ಟಿ. ಎಂಟೂ ತುಂಡನ್ನು ಒಂದೇ ದಿಕ್ಕಿನಲ್ಲಿ ಎಳೆಯಿರಿ, ಒಂದಕ್ಕೆ ಉದ್ದಕ್ಕೆ, ಇನ್ನೊಂದಕ್ಕೆ ಅಡ್ಡಕ್ಕೆ ಎಳೆದ್ರೆ ಬಣ್ಣದ ದಟ್ಟಣೆ ಬದಲಾಗಿ ಬಾಗಿಲು ಮತ್ತು ಫೆಂಡರ್ ಬೇರೆ ಬೇರೆ ಕಾಣ್ತವೆ. ಇಂಕ್ ಲೀಟರಿಗೆ 30ರಿಂದ 40 ಚದರ ಮೀಟರ್ ಬರ್ತದೆ. ಮೂರು ಸೆಟ್ಟಿಗೆ ಬಣ್ಣಕ್ಕೆ 250 ಮಿ.ಲೀ. ಬೆರೆಸಿದ್ರೆ ಸ್ಕ್ರೀನಿನಲ್ಲಿ ಉಳಿಯುವುದೂ ಸೇರಿ ಧಾರಾಳ.

ಒಣಗಿಸುವುದನ್ನು ಹಗುರ ತಗೊಳ್ಬೇಡಿ. ಪ್ರತಿ ಬಣ್ಣದ ನಂತರ ರ‍್ಯಾಕ್‌ನಲ್ಲಿ ಬೆರಳಿಗೆ ಅಂಟದಷ್ಟು, ಕೊನೆಯ ಬಣ್ಣದ ನಂತರ 65 ಡಿಗ್ರಿ ಸುತ್ತಮುತ್ತ ಅರ್ಧ ಗಂಟೆ, ಗಾಳಿ ಆಡುವ ಹಾಗೆ. ಸಾಲ್ವೆಂಟ್ ಒಳಗೆ ಉಳಿದ್ರೆ ಫಿಲ್ಮ್ ಮೆತ್ತಗಾಗಿ ಅಂಚು ಸುರುಳಿ ಬರ್ತದೆ, ಅಪ್ಲಿಕೇಶನ್ ಟೇಪ್ ಇಂಕನ್ನೇ ಎಬ್ಬಿಸ್ತದೆ, ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಅದು ಕೆಳಗಿಳಿದು ಅಂಟನ್ನು ಹಾಳು ಮಾಡ್ತದೆ. ಕೊನೆಗೆ ಮೇಲಿನಿಂದ ಅದೇ ಸೀರೀಸಿನ ಕ್ಲಿಯರ್ (ಬಣ್ಣ ಇಲ್ಲದ ಇಂಕ್) ಒಂದು ಸಲ ಪ್ರಿಂಟ್ ಮಾಡಿ. ಬಿಸಿಲಿಗೂ, ಪೆಟ್ರೋಲ್ ಹಾಕುವಾಗ ಚೆಲ್ಲಿ ಬರುವ ಹನಿಗೂ ಅದು ತಡೆ. ಕ್ಲಿಯರ್ ಕೂಡ ಕಟಿಂಗ್ ಗೆರೆ ದಾಟಿರ್ಬೇಕು.

ಹಾಳೆಗಳನ್ನು ಪ್ರಿಂಟ್ ಮಾಡುವ ಕೋಣೆಯಲ್ಲೇ ಒಂದು ದಿನ ಮೊದಲು ಬಿಡಿಸಿ ಇಡಿ. ಹಿಂಬದಿ ಪೇಪರ್ ತೇವ ಹೀರಿ ಅಂಚು ಅಲೆ ಅಲೆ ಆಗುವುದು ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಾಮೂಲಿ. ಎರಡೂ ಬದಿಗೆ ಪಾಲಿ ಕೋಟಿಂಗ್ ಇರುವ ಪೇಪರಿನ ಫಿಲ್ಮ್ ಸಿಕ್ಕಿದ್ರೆ ಅರ್ಧ ತಲೆನೋವು ಕಡಿಮೆ.

ಉಡುಪಿ ಸ್ಕ್ರೀನ್:

ಬಹಳ ಉಪಕಾರ ಆಯ್ತು. ಡೈ ಬಿಟ್ಟು ಪ್ರಿಂಟ್ ಮತ್ತು ಪ್ಲಾಟರ್ ದಾರಿಗೇ ಹೋಗ್ತೇನೆ. ಇನ್ನೆರಡು ಪ್ರಶ್ನೆ. ಮ್ಯಾಕ್ 1ರಲ್ಲಿ ರಾತ್ರಿ ಲೈಟ್ ಬಿದ್ದಾಗ ಪಟ್ಟೆ ಹೊಳೀತಿತ್ತು ಅಂತ ಗಿರಾಕಿ ಹೇಳ್ತಾರೆ, ಅದು ಮಾಡ್ಲಿಕ್ಕೆ ಆಗ್ತದಾ? ಮತ್ತೆ, ಪಟ್ಟೆ ಹಚ್ಚಿ ಅದರ ಮೇಲೆ ಕ್ಲಿಯರ್ ಕೋಟ್ ಹೊಡೆದ್ರೆ ಹೇಗೆ? ಪೇಂಟರ್ ಹಾಗೆ ಹೇಳ್ತಿದ್ದಾರೆ.

ಪಡುಬಿದ್ರಿ ವಿನೈಲ್:

ಹೊಳೀತಿದ್ದದ್ದು ನಿಜ. ಅದು ಸ್ಕಾಚ್‌ಲೈಟ್, 1939ರಿಂದ ಅಮೆರಿಕದ ರಸ್ತೆ ಫಲಕಗಳಲ್ಲಿ ಬಂದ ಅದೇ ಕುಟುಂಬದ ಶೀಟ್. 1970ರ ಫೋರ್ಡ್ ಟೊರಿನೋದ ಲೇಸರ್ ಪಟ್ಟೆಯೂ ಅಂಥದ್ದೇ. ಒಳಗೆ ಗಾಜಿನ ಸಣ್ಣ ಸಣ್ಣ ಮಣಿ, ಅದರ ಹಿಂದೆ ಅಲ್ಯೂಮಿನಿಯಂನ ತೆಳು ಪದರ. ಬೆಳಕು ಬಂದ ದಿಕ್ಕಿಗೇ ವಾಪಸ್ ಹೋಗ್ತದೆ.

ಕರಾವಳಿಯಲ್ಲಿ ಆ ಅಲ್ಯೂಮಿನಿಯಂ ಪದರವೇ ತೊಂದರೆ. ಕತ್ತರಿಸಿದ ಅಂಚಿನಿಂದ ಉಪ್ಪು ನೀರು ಒಳಗೆ ಹೋಗಿ ಪದರ ತಿಂದು, ಅಂಚಿನಿಂದ ಒಳಗೆ ಬೂದಿ ಬಣ್ಣ ಹರಡ್ತದೆ. ಮಾಡುವುದಾದ್ರೆ ಎಲ್ಲಾ ಅಂಚಿಗೂ ಆ ಶೀಟಿನ ಕಂಪನಿ ಹೇಳಿದ ಎಡ್ಜ್ ಸೀಲರ್ 3 ಮಿ.ಮೀ. ಪಟ್ಟಿಯಾಗಿ ಹಚ್ಚಲೇಬೇಕು. ಇಂಕ್ ಪಾರದರ್ಶಕ ಜಾತಿಯದ್ದಾಗಿರ್ಬೇಕು, ಸಾಮಾನ್ಯ ಇಂಕ್ ಹಾಕಿದ್ರೆ ಮಣಿಗೆ ಬೆಳಕೇ ತಲುಪುವುದಿಲ್ಲ. ಶೀಟ್ ದಪ್ಪ, ಪ್ಲಾಟರಿಗೆ 60 ಡಿಗ್ರಿ ಬ್ಲೇಡ್ ಬೇಕು. ಪ್ಯಾನೆಲ್ಲಿನ ಗೀಟು, ಉಬ್ಬಿನ ಮೇಲೆ ಅದು ಬಗ್ಗುವುದಿಲ್ಲ, ಬಿರುಕು ಬಿಡ್ತದೆ. ಮಲ್ಪೆ, ಪಣಂಬೂರು ಕಡೆ ಕಡಲ ಹತ್ತಿರ ನಿಲ್ಲುವ ಗಾಡಿಯಾದ್ರೆ ನಾನು ಬೇಡ ಅಂತಲೇ ಹೇಳುವುದು.

ಸುರತ್ಕಲ್ ಗ್ಯಾರೇಜ್:

ಕ್ಲಿಯರ್ ಕೋಟ್ ವಿಷಯ ನಾನು ಹೇಳ್ತೇನೆ. ಮೂಲದಲ್ಲಿ ಹಾಗೆ ಇರಲಿಲ್ಲ. ಫೋರ್ಡ್, ಕ್ರೈಸ್ಲರ್‌ನವರು ಎನಾಮಲ್ ಹೊಡೀತಿದ್ರು, ಜನರಲ್ ಮೋಟಾರ್ಸ್‌ನವರು ಅಕ್ರಿಲಿಕ್ ಲ್ಯಾಕರ್. ಒಂದೇ ಪದರದ ಬಣ್ಣ, ಅದರ ಮೇಲೆ ನೇರ ಪಟ್ಟೆ. ಹಾಗಾಗಿ ಬೆರಳಿಗೆ ಅಂಚು ತಾಗಬೇಕು, ಅದೇ ಅಸಲಿ. ಮೇಲೆ ಟೂಕೆ ಕ್ಲಿಯರ್ ಹೊಡೆದ್ರೆ ಥಿನ್ನರ್ ಇಂಕನ್ನು ಎಬ್ಬಿಸ್ಬಹುದು, ಅಂಚು ಸುರುಟಿಕೊಳ್ಳಬಹುದು. ಅದೆಲ್ಲ ಸರಿ ಹೋದ್ರೂ, ನಾಳೆ ಒಂದು ತುಂಡು ಬದಲಿಸ್ಬೇಕಾದ್ರೆ ಇಡೀ ಬಾಗಿಲು ಮತ್ತೆ ಪೇಂಟ್. ಬೇಡ.

ಹಚ್ಚುವ ಮೊದಲು ಪೇಂಟ್ ಒಣಗಿದೆಯಾ ಅಂತ ನೋಡಿ. ಮೇಲೆ ಗಟ್ಟಿಯಾಗಿದ್ರೂ ಒಳಗಿನಿಂದ ಸಾಲ್ವೆಂಟ್ ಬರ್ತಾ ಇರ್ತದೆ, ವಿನೈಲ್ ಅದನ್ನು ಬಿಡದೆ ಗುಳ್ಳೆ ಕಟ್ಟುತ್ತದೆ. ಪರೀಕ್ಷೆ ಸುಲಭ. ಅದೇ ಪೇಂಟ್ ಹೊಡೆದ ತಗಡಿನ ತುಂಡಿಗೆ ನಿಮ್ಮ ಫಿಲ್ಮಿನ ಚೂರು ಹಚ್ಚಿ 65 ಡಿಗ್ರಿಯಲ್ಲಿ ಒಂದು ದಿನ ಇಡಿ. ಗುಳ್ಳೆ ಬಂದ್ರೆ ಇನ್ನೂ ಕಾಯಿರಿ. ತಗಡು ಇಲ್ಲದಿದ್ರೆ ಪೇಂಟ್ ಆಗಿ ಒಂದು ತಿಂಗಳಾದ್ರೂ ಬಿಡಿ, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು.

ಹಚ್ಚುವ ದಿನ: ಪಾಲಿಶ್, ವ್ಯಾಕ್ಸ್, ಸಿಲಿಕಾನ್ ಎಲ್ಲ ತೆಗೆದು, ಎರಡು ಪಾಲು ಐಪಿಎಗೆ (ಐಸೊಪ್ರೊಪೈಲ್ ಆಲ್ಕೋಹಾಲ್) ಒಂದು ಪಾಲು ನೀರು ಬೆರೆಸಿ ಒರೆಸಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಪ್ಯಾನೆಲ್ 16ರಿಂದ 32 ಡಿಗ್ರಿ ಒಳಗೆ ಇರ್ಬೇಕು. ಕಪ್ಪು ಕಾರು ನಮ್ಮ ಬಿಸಿಲಿನಲ್ಲಿ ಹತ್ತು ಗಂಟೆಗೇ ಕೈ ಇಡ್ಲಿಕ್ಕೆ ಆಗದಷ್ಟು ಕಾಯ್ತದೆ, ಹಾಗಾಗಿ ಬೆಳಿಗ್ಗೆ ಏಳಕ್ಕೆ ನೆರಳಿನಲ್ಲಿ ಶುರು ಮಾಡಿ.

ಸಾಲು ಹಿಡಿಯುವುದು ಹೀಗೆ. ಬಾಗಿಲುಗಳ ಹಿಂಜ್ ಮೊದಲು ಸರಿ ಮಾಡಿ, ಎಲ್ಲಾ ಸಂದಿ ಒಂದೇ ಅಳತೆ ಇರ್ಲಿ. ಆಮೇಲೆ ಬಾಗಿಲು ಮುಚ್ಚಿ, ಬಾಡಿಯ ಉಬ್ಬುಗೆರೆಯಿಂದ ಅಳತೆ ತೆಗೆದು 3 ಮಿ.ಮೀ. ಮಾಸ್ಕಿಂಗ್ ಟೇಪಿನಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದೇ ಗೆರೆ ಎಳೆಯಿರಿ. ನಾಲ್ಕೂ ತುಂಡು ಪೇಪರ್ ಸಮೇತ ಟೇಪ್ ಹಾಕಿ ನಿಲ್ಲಿಸಿ, ಹತ್ತು ಅಡಿ ದೂರ ಹೋಗಿ ನೋಡಿ. ನೆಲದಿಂದ ಅಳೆದ್ರೆ ಕೆಟ್ಟಿತು. ಸ್ಪ್ರಿಂಗ್ ಕೂತ ಕಾರಿನಲ್ಲಿ ನೆಲಕ್ಕೂ ಬಾಡಿಗೂ ಸಂಬಂಧ ಇಲ್ಲ. ಮೊದಲು ಮುಂದಿನ ಬಾಗಿಲು ಹಚ್ಚಿ, ಅಲ್ಲಿಂದ ಎರಡೂ ಕಡೆ ಹೋಗಿ. ತಪ್ಪು ಉಳಿದ್ರೆ ಕಣ್ಣಿಗೆ ಬೀಳದ ಎರಡು ತುದಿಗೆ ಹೋಗಿ ಸೇರ್ತದೆ.

ಒದ್ದೆ ಮಾಡುವ ನೀರು: ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮೂರ್ನಾಲ್ಕು ಹನಿ, ಅಷ್ಟೇ. ನೊರೆ ಬರುವಷ್ಟು ಹಾಕಿದ್ರೆ ಅಂಟು ಹಿಡಿಯುವುದೇ ಇಲ್ಲ. ಬಾವಿ ನೀರು ಬೇಡ. ಕಡಲ ಬದಿಯ ಬಾವಿಯಲ್ಲಿ ಉಪ್ಪು, ಮುರಕಲ್ಲಿನ ಜಾಗದಲ್ಲಿ ಕಬ್ಬಿಣದ ಕೆಂಪು. ಎರಡೂ ಫಿಲ್ಮಿನಡಿ ಕಲೆಯಾಗಿ ಉಳಿಯುತ್ತವೆ. ಫಿಲ್ಟರ್ ನೀರು ತಗೊಳ್ಳಿ. ಅಂಟಿಗೂ ಪ್ಯಾನೆಲ್ಲಿಗೂ ನೀರು ಸಿಂಪಡಿಸಿ, ತುಂಡನ್ನು ಗೆರೆಗೆ ಕೂರಿಸಿ, ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಇಲ್ಲಿ ಸ್ಟಿಕ್ಕರ್ ಒತ್ತುವ ಪಟ್ಟಿ) ಎಳೆಯಿರಿ, ಒಂದು ಎಳೆತ ಇನ್ನೊಂದರ ಮೇಲೆ ಅರ್ಧ ಬರ್ಬೇಕು. ಅಪ್ಲಿಕೇಶನ್ ಟೇಪ್ ಕೂಡ್ಲೇ ಕೀಳಬೇಡಿ. ಬೇಸಿಗೆಯಲ್ಲಿ ಅರ್ಧ ಗಂಟೆ, ಮಳೆಗಾಲದಲ್ಲಿ ಎರಡು ಗಂಟೆ ಕಾದು, ಟೇಪಿನ ಮೇಲೆ ನೀರು ಸಿಂಪಡಿಸಿ ಅದನ್ನು ಮೆತ್ತಗೆ ಮಾಡಿ, ಪೂರ್ತಿ ಹಿಂದಕ್ಕೆ ಮಡಚಿದ ಹಾಗೆ ನಿಧಾನ ಎಳೆಯಿರಿ. ನೇರ ಹೊರಕ್ಕೆ ಎಳೆದ್ರೆ ಪಟ್ಟೆಯೂ ಬರ್ತದೆ.

ಬಾಗಿಲಿನ ಅಂಚಿನಲ್ಲಿ ತುಂಡು 8–10 ಮಿ.ಮೀ. ಒಳಕ್ಕೆ ಮಡಚಿ ಹೋಗ್ಬೇಕು, ಡ್ರಾಯಿಂಗಿನಲ್ಲೇ ಇದನ್ನು ಸೇರಿಸಿ. ಅಂಚಿಗೇ ಕತ್ತರಿಸಿ ನಿಲ್ಲಿಸಿದ್ರೆ ತೊಳೆಯುವವರ ಪ್ರೆಷರ್ ವಾಷರ್ ಅದನ್ನು ಮೊದಲು ಎಬ್ಬಿಸ್ತದೆ. ಮಡಚಿದ ಜಾಗಕ್ಕೆ ಮಾತ್ರ ಹೀಟ್ ಗನ್ ಹಿಡಿದು ಬೆರಳಲ್ಲಿ ಒತ್ತಿ. ಉಳಿದ ಗುಳ್ಳೆಗೆ ಸೂಜಿ, ಬ್ಲೇಡ್ ಅಲ್ಲ. ಗುಳ್ಳೆಯ ತುದಿಯಲ್ಲಿ ಚುಚ್ಚಿ ಇನ್ನೊಂದು ಬದಿಯಿಂದ ಒತ್ತಿ ತನ್ನಿ. ಮೂರು ದಿನ ತೊಳೆಯಬೇಡಿ.

ಬೈಕಂಪಾಡಿ ಡೈ:

ಉಳಿದ ಎರಡು ಸೆಟ್ ಇಡುವ ಬಗ್ಗೆ ಒಂದು ಮಾತು ಸೇರಿಸ್ತೇನೆ. ಚಪ್ಪಟೆಯಾಗಿ ಇಡ್ಲಿಕ್ಕೆ ಜಾಗ ಇದ್ರೆ ಅದೇ ಒಳ್ಳೇದು. ಸುತ್ತಲೇಬೇಕಾದ್ರೆ 15 ಸೆಂ.ಮೀ. ಪೈಪಿಗೆ, ಫಿಲ್ಮ್ ಹೊರಗೆ ಬರುವ ಹಾಗೆ ಸುತ್ತಿ. ಫಿಲ್ಮ್ ಒಳಗೆ ಬಂದ್ರೆ ಅಪ್ಲಿಕೇಶನ್ ಟೇಪ್ ಸುಕ್ಕುಗಟ್ಟಿ ಪಟ್ಟೆಯನ್ನು ಪೇಪರಿನಿಂದ ಎಬ್ಬಿಸ್ತದೆ, ಆ ಸುರಂಗ ಮತ್ತೆ ಕೂರುವುದಿಲ್ಲ. ಅಪ್ಲಿಕೇಶನ್ ಟೇಪ್ ವರ್ಷಗಟ್ಟಲೆ ಬಿಟ್ರೆ ಅದರ ಅಂಟೇ ಇಂಕಿಗೆ ಹಿಡೀತದೆ. ಬದಲಿ ಸೆಟ್ಟಿಗೆ ಟೇಪ್ ಈಗ ಹಾಕ್ಬೇಡಿ. ಕತ್ತರಿಸಿ, ಬೇಡದ್ದು ಕೀಳದೆ, ಮೇಲೆ ಸಿಲಿಕಾನ್ ಪೇಪರ್ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಹಚ್ಚುವ ದಿನ ಕಿತ್ತು ಟೇಪ್ ಹಾಕಿದ್ರೆ ಸಾಕು. ಚೀಲದ ಮೇಲೆ ಫಿಲ್ಮಿನ ಲಾಟ್ ನಂಬರ್, ಮೂರು ಇಂಕ್ ಬೆರೆಸಿದ ಪ್ರಮಾಣ, ಪ್ರಿಂಟ್ ತಾರೀಕು ಬರೆದಿಡಿ.